ಯಾರಿಗೆ ಜ್ವರ?

"ಯಾರಿಗವ್ವ ಜ್ವರ?" ಅಂದರು ಅತ್ತೆ
ಹೊಸಿಲು ದಾಟುವ ಮೊದಲೇ,
ಕೈಯಲ್ಲಿ ಕೀರೆಸೊಪ್ಪಿನ ಕಟ್ಟು, ಕಂಕುಳಲ್ಲಿ ನಾಲ್ಕು ನುಗ್ಗೆಕಾಯಿ.
ಮನೆ ತುಂಬ ಯೀಸ್ಟಿನ ಹುಳಿವಾಸನೆ.
ಆಚೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಗಾಳಿ.
ಎರಡೂ ಸೇರಿ ನಮ್ಮ ಬೀದಿ
ಅರ್ಧ ಕುಡಿದವರ ಹಾಗಿತ್ತು.

ಯಾರಿಗೂ ಇಲ್ಲ, ಬ್ರೆಡ್ಡು ಮಾಡ್ತಿದೀವಿ ಅಂದೆ.
"ಮನೇಲಿ?" ಅಂದರು. "ಸುಮ್ನೆ?"
ಬ್ರೆಡ್ಡೆಂದರೆ ಅವರಿಗೆ ಆಸ್ಪತ್ರೆಯ ಸಾಮಾನು,
ಗ್ಲೂಕೋಸ್ ಬಾಟಲಿಯ ತಂಗಿ, ಮೂಸಂಬಿಯ ನೆಂಟ.
ನೋಡಲು ಹೋಗುವವರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು
ಮಂಚದ ಕಾಲ ಬಳಿ ಇಟ್ಟು ಬರುವ ಪೊಟ್ಟಣ.

ಮೋನಿಷಾಗೆ ಮೊಣಕೈವರೆಗೂ ಮೈದಾ.
ಅರ್ಧ ಮೈದಾ, ಕಾಲು ಗೋಧಿ, ಕಾಲು ರಾಗಿ.
ರಾಗಿ ನನ್ನ ಹಟ: ಮಂಡ್ಯದಲ್ಲಿ ಹಿಟ್ಟೆಂದರೆ
ಅದೊಂದೇ, ಉಳಿದವೆಲ್ಲ ಪುಡಿ.
ಉಗುರು ಬೆಚ್ಚಗಿನ ನೀರಲ್ಲಿ ಬೆಲ್ಲ ಕರಗಿಸಿ
ಯೀಸ್ಟನ್ನು ಎಬ್ಬಿಸಿದ್ದೆವು.
ಓವನ್ ಇಲ್ಲ. ಗ್ಯಾಸ್ಕೆಟ್ ಸತ್ತ ಹಳೇ ಕುಕ್ಕರು,
ಅದರ ತಳಕ್ಕೆ ಮನೆ ಕಟ್ಟಿ ಮಿಕ್ಕ ಮರಳು,
ಎರಡು ಸಲ ಜರಡಿ ಹಿಡಿದು, ತೊಳೆದು, ತಾರಸಿಯಲ್ಲಿ ಒಣಗಿಸಿದ್ದು.

ಕಲಸಿದ್ದು ಅಂಟುತ್ತಿತ್ತು. ಬೆರಳಿಗೆ, ಬಳೆಗೆ,
ಅಳತೆ ಹೇಳುತ್ತಿದ್ದ ಫೋನಿಗೆ.
ಅತ್ತೆ ನೋಡಿದರು, ನೋಡಿದರು,
ಸೊಪ್ಪು ಕೆಳಗಿಟ್ಟು ಕೈ ತೊಳೆದರು.
"ಸರಿ ಆ ಕಡೆ."
ಐವತ್ತು ವರ್ಷ ಮುದ್ದೆ ತೊಳಸಿದ ಕೈ,
ಗಂಟು ಎಲ್ಲಿದೆಯೆಂದು ಕಣ್ಣಿಗಿಂತ ಮೊದಲೇ ಬಲ್ಲ ಕೈ
ಒಮ್ಮೆ ನೀರಿಗದ್ದಿ
ತಟ್ಟಿತು, ಮಡಚಿತು, ದಬ್ಬಿತು,
ಬಾಣಂತಿಮನೆಯ ಕೂಸಿಗೆ ಎಣ್ಣೆ ನೀವುವ ಹಾಗೆ.
ಹಿಟ್ಟು ಮಾತು ಕೇಳಿತು.
ಒದ್ದೆ ಬಟ್ಟೆ ಹೊದಿಸಿ ಒಲೆಯ ಮಗ್ಗುಲಲ್ಲಿಟ್ಟೆವು.

"ಏಳೋಕೆ ಎಷ್ಟೊತ್ತು?"
ಒಂದೂವರೆ ಗಂಟೆ ಅಜ್ಜಿ, ಅಂದಳು ಮೋನಿಷಾ.

ಸೊಪ್ಪು ಸೋಸುತ್ತ ಅವರೇ ಶುರು ಮಾಡಿದರು,
ಯಾರಿಗೂ ಹೇಳದವರ ಹಾಗೆ:
"ನಂಗೆ ಏಳೋ ಎಂಟೋ. ಪಕ್ಕದ ಮನೆ ಹುಡುಗಿ
ಜ್ವರ ಬಂದು ಹಾಲು ಬ್ರೆಡ್ಡು ತಿಂತಿದ್ಲು. ಬೆಳ್ಳಗೆ, ಹತ್ತಿ ಹಂಗೆ.
ನಂಗೂ ಜ್ವರ ಕೊಡವ್ವಾ ಅಂತ
ಮಾರಮ್ಮನ ಗುಡಿ ಸುತ್ತಿದ್ದೆ, ಮೂರು ಸುತ್ತು.
ಬಂತು.
ಜವರಂಗೆ ಬಂತು. ನನ್ನ ತಮ್ಮ.
ಮೈಸೂರು ದೊಡ್ಡಾಸ್ಪತ್ರೆಗೆ ಗಾಡೀಲಿ ಮಲಗಿಸ್ಕೊಂಡು ಹೋದ್ರು.
ಅವಂಗೆ ಕೊಟ್ಟ ಬ್ರೆಡ್ಡಲ್ಲಿ ಅರ್ಧ
ದಿಂಬಿನಡಿ ಇಟ್ಟಿದ್ದ, ಅಕ್ಕಂಗೆ ಅಂತ.
ತಿಂದೆ.
ರುಚಿಯಾಗೇ ಇತ್ತು ಕಣವ್ವ.
ಬೆಳಿಗ್ಗೆ ಬೆಳಿಗ್ಗೆ ವರಾಂಡದಲ್ಲಿ ನಿಂತು ಅವ್ವನ್ನ ಕೇಳೋದು:
ಎದ್ದನಾ? ಇಲ್ಲ.
ಎದ್ದನಾ? ಇನ್ನೂ ಇಲ್ಲ ಮಗ."

ಅಲ್ಲಿಗೆ ನಿಲ್ಲಿಸಿದರು.
ಹುಳ ಹೊಡೆದ ಒಂದೆಲೆ ತೆಗೆದು ಪಕ್ಕಕ್ಕಿಟ್ಟರು.

ಹದಿನಾರು ವರ್ಷದಿಂದ ಈ ಮನೆಯ ಸೊಸೆ ನಾನು.
ಅವರಿಗೊಬ್ಬ ತಮ್ಮನಿದ್ದನೆಂದು ಇವತ್ತು ಗೊತ್ತು.
ಬಾಗಿಲಲ್ಲಿ ಅವರಂದದ್ದು ಜ್ವರ ಎಂದೋ, ಜವರ ಎಂದೋ,
ಈಗ ನನಗೆ ಖಾತ್ರಿಯಿಲ್ಲ.

ಕೀರೆ ಬೇಯಿತು, ಬಸಿದ ಕಟ್ಟಿಗೆ ಖಾರ ಅರೆದೆ.
ಅಷ್ಟರಲ್ಲಿ ಅತ್ತೆ ಮೂರು ಸಲ ಬಂದು
ಬಟ್ಟೆಯ ತುದಿ ಎತ್ತಿ ನೋಡಿದರು, ಮೆಲ್ಲಗೆ,
ಒಳಗಿರುವವರು ಬೆಚ್ಚದ ಹಾಗೆ.
"ಎದ್ದೈತಾ?"
ಇನ್ನೂ ಇಲ್ಲ ಅಜ್ಜಿ.
"ಎದ್ದೈತಾ?"
ಸ್ವಲ್ಪ.
ಮೂರನೇ ಸಲ ಅವರು ಕೇಳಲಿಲ್ಲ.
ಮೋನಿಷಾಳೇ ಕೂಗಿದಳು, ಅಕ್ಕಪಕ್ಕದ ಮನೆಗೂ ಕೇಳುವಂತೆ:
ಎದ್ದೈತೆ! ಅಜ್ಜೀ, ಎದ್ದೈತೆ, ಬಟ್ಟೆ ತಳ್ಕೊಂಡು ಎದ್ದೈತೆ!

ಬೆಂದದ್ದು ಅಂಥ ಚೆಂದಕ್ಕೇನಲ್ಲ.
ಒಂದು ಪಕ್ಕ ಸೀದು, ನೆತ್ತಿ ಬಿರಿದು,
ಗದ್ದೆಬದುವಿನ ಮಣ್ಣಿನ ಬಣ್ಣ.
ನಮ್ಮವರು ಬಂದು ಬೆರಳಲ್ಲಿ ತಟ್ಟಿ
"ಇಟ್ಟಿಗೆ ಗೂಡು ಯಾವಾಗ ಹಾಕಿದ್ರಿ?" ಅಂದರು.
ಅತ್ತೆ ಮಾತಾಡದೆ ತುದಿಯ ತುಂಡು ಮುರಿದರು,
ಬಸ್ಸಾರಿನಲ್ಲದ್ದಿ, ಅಗಿದು,
ಮುದ್ದೆಯ ಹಾಗೆ ನುಂಗಲಾಗದೆಂದು ಮರೆತು ಒಮ್ಮೆ ಕೆಮ್ಮಿ,
ನೀರು ಕುಡಿದು, ಮತ್ತೊಂದು ಮುರಿದರು.

"ಬೆಲ್ಲ ಒಂಚೂರು ಜಾಸ್ತಿ.
ಹೊಟ್ಟೆ ನಿಲ್ಲೋ ಊಟ ಅಲ್ಲ ಇದು.
ನಾಳೆ ಮುದ್ದೇನೇ ಮಾಡು.
ನಾಡಿದ್ದು ಬೇಕಾದ್ರೆ
ಇದು."